ಮೂಗಿನ ಮೇಸ್ತ್ರಿಯ ಮಗಳು

ಬಣ್ಣದ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮೂಗಿನ ಮೇಸ್ತ್ರಿ ಎಂದೇ. ಕೊಳಚೆ ತೊಟ್ಟಿ ತೊಳೆಯುವ ದಿನ ಮುಚ್ಚಳ ತೆಗೆಸಿ, ಬಗ್ಗಿ ಒಂದು ಸಲ ಮೂಸಿ, "ಹೂಂ, ಇಳೀರಿ" ಅಂದರೆ ಮುಗಿಯಿತು, ಆಳುಗಳು ಇಳಿಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಆ ಜಂಬದಲ್ಲಿ ಮೇಸ್ತ್ರಿ ನೆಗಡಿಯಾದರೂ ರಜೆ ಹಾಕುತ್ತಿರಲಿಲ್ಲ.

ಅವತ್ತು ಇಳಿಯಬೇಕಿದ್ದವನು ಅವರ ಒಡಹುಟ್ಟಿದ ತಮ್ಮ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮಗಳು ಮ್ಯಾನೇಜರನ್ನು ಕಾಡಿ ಬೇಡಿ ಒಪ್ಪಿಸಿ, ತೊಟ್ಟಿಯ ಗಾಳಿ ಪರೀಕ್ಷಿಸಲು ತಾನೇ ಮಾಡಿದ ಉಪಕರಣ ಹೊತ್ತು ತಂದಿದ್ದಳು. ಒಂದು ಪೆಟ್ಟಿಗೆ, ಅದರಿಂದ ಹೊರಟ ಉದ್ದನೆಯ ಗಾಜಿನ ತಂತು, ತಂತುವಿನ ತುದಿಗೆ ಒಂದು ಲೇಪ. ಪೆಟ್ಟಿಗೆಯ ನೀಲಿ ಬೆಳಕು ತುದಿ ಮುಟ್ಟಿದರೆ ಲೇಪ ಕೆಂಪಗೆ ಹೊಳೆಯುತ್ತದೆ. ಆ ಹೊಳಪು ಅದೇ ತಂತುವಿನಲ್ಲಿ ಮರಳಿ ಬಂದು ಪೆಟ್ಟಿಗೆಯ ಕಿಂಡಿಯಲ್ಲಿ ಕಾಣುತ್ತದೆ.

"ನನ್ನ ಮೂಗಿಗೆ ಸವತೀನ ತಂದ್ಯೇನಮ್ಮಾ?" ಎಂದು ಮೇಸ್ತ್ರಿ ನಕ್ಕರು.

ತಂತು ತೊಟ್ಟಿಯೊಳಗೆ ಇಳಿದಂತೆ ಕಿಂಡಿಯ ಕೆಂಪು ನಿಗಿನಿಗಿ ಆಯಿತು. ಮೇಸ್ತ್ರಿ ಮೂಸಿದರು. ಕೆಟ್ಟ ವಾಸನೆ ಏನೂ ಇಲ್ಲ. ಚಿಕ್ಕಂದಿನಲ್ಲಿ ಬಾವಿಗೆ ದೀಪ ಇಳಿಬಿಟ್ಟು ಗಾಳಿ ಪರೀಕ್ಷಿಸಿದವರು ಅವರು. ದೀಪ ಉರಿದರೆ ಭಯವಿಲ್ಲ. "ನೋಡಿದ್ಯಾ, ನಿನ್ನ ದೀಪಾನೂ ನನ್ನ ಮಾತೇ ಹೇಳ್ತಿದೆ. ಇಳಿಯೋ." ತಮ್ಮ ಏಣಿಗೆ ಕಾಲಿಟ್ಟ.

ಮಗಳು ಓಡಿ ಬಂದು ಅವನ ತೋಳು ಹಿಡಿದಳು. "ಬೇಡ ಚಿಕ್ಕಪ್ಪ. ಅಪ್ಪಾ, ಇದು ದೀಪ ಅಲ್ಲ. ಆಕ್ಸಿಜನ್ ಇದ್ರೆ ಈ ಹೊಳಪು ಅಡಗುತ್ತೆ. ಇಷ್ಟು ಹೊಳೀತಿದೆ ಅಂದ್ರೆ ಒಳಗೆ ಉಸಿರಾಡೋಕೇ ಗತಿಯಿಲ್ಲ."

ಮ್ಯಾನೇಜರು ಗಡಿಯಾರ ನೋಡಿದರು. "ನಿನ್ನ ಯಂತ್ರ ನಿನ್ನೆ ಮೊನ್ನೇದಮ್ಮ. ಮೇಸ್ತ್ರಿ ಮೂಗನ್ನ ಇಪ್ಪತ್ತೆರಡು ವರ್ಷದಿಂದ ನಂಬಿದೀವಿ. ತೊಟ್ಟಿ ತೊಳೀದೆ ಮಧ್ಯಾಹ್ನದ ಪಾಳಿ ಶುರುವಾಗಲ್ಲ."

"ಆಕ್ಸಿಜನ್ ಇಲ್ಲ ಅನ್ನೋದಕ್ಕೆ ವಾಸನೆ ಇರಲ್ಲ ಸಾರ್," ಅಂದಳು ಮಗಳು.

ಆ ಮಾತು ಮೇಸ್ತ್ರಿಗೆ ಚುರುಕ್ಕೆಂದಿತು. ತಂತುವನ್ನು ತಾವೇ ಮೇಲೆಳೆದರು. ಬಯಲ ಗಾಳಿಯಲ್ಲಿ ಕೆಂಪು ಮಂಕಾಯಿತು. ಇಳಿಬಿಟ್ಟರು, ಮತ್ತೆ ನಿಗಿನಿಗಿ. ಮೂರು ಸಲವೂ ಹಾಗೇ. ಇಷ್ಟು ವರ್ಷ ಎಷ್ಟು ಜನರನ್ನು ಕಣ್ಣು ಮುಚ್ಚಿ ಇಳಿಸಿದೆನಲ್ಲ ಎಂದು ದಿಗಿಲಾಯಿತು. ಆ ದಿಗಿಲಿನ ನಡುವೆಯೂ, ಇದನ್ನು ಕಂಡುಹಿಡಿದವಳು ತನ್ನ ಮಗಳೆಂದು ಅವರ ಎದೆಯುಬ್ಬಿತು.

ಅವರು ತಮ್ಮನನ್ನು ಪಕ್ಕಕ್ಕೆ ಸರಿಸಿ ಏಣಿಯನ್ನು ಮೇಲೆಳೆದು ಹಾಕಿದರು. "ಗಾಳಿ ಊದೋ ಯಂತ್ರ ತರ್ಸಿ ಸಾರ್. ಈ ಕೆಂಪು ಮಂಕಾಗೋವರೆಗೂ ಯಾರೂ ಇಳಿಯಲ್ಲ."

"ಯಾರ ಮಾತು ಕೇಳ್ಕೊಂಡು ಹೀಗಂತೀರಿ ಮೇಸ್ತ್ರಿ? ನಿಮ್ಮ ಮೂಗು ಏನನ್ನುತ್ತೆ?"

"ನನ್ನ ಮೂಗಿಗೆ ಗೊತ್ತಾಗಲಿಲ್ಲ ಸಾರ್," ಎಂದರು ಮೇಸ್ತ್ರಿ, ಅಂಗಳದಲ್ಲಿದ್ದ ಆಳುಗಳಿಗೆಲ್ಲ ಕೇಳುವಂತೆ. "ನನ್ನ ಮಗಳಿಗೆ ಗೊತ್ತಾಯ್ತು."