ಮರೆಗುಳಿಯ ಸ್ಟೂಲು

ನೂರಾ ಎಂಬತ್ತು ಅಂದಿದ್ದೆನೋ, ಬರೀ ಎಂಬತ್ತು ಅಂದಿದ್ದೆನೋ. ನೂರಾ ಅಂದ ಹಾಗೆಯೇ ನೆನಪು. ಆದರೆ ತನ್ನ ನೆನಪನ್ನು ನಂಬಿ ಯಾರೂ ಒಂದು ಹೆಜ್ಜೆ ಇಟ್ಟದ್ದಿಲ್ಲ, ತಾನೂ ಇಟ್ಟಿಲ್ಲ.

ಎದುರಿಗೆ ಬಸ್ಸಿನ ಡ್ರೈವರ್ ನಿಂತಿದ್ದ. ಬೆಳಿಗ್ಗೆ ಫೋನ್ ಮಾಡಿಯೇ ಬಂದಿದ್ದ. ಫೋನ್ ಎತ್ತಿದ್ದು ಅಣ್ಣ. ನಾಲ್ಕು ದಿನದ ಹಿಂದೆ ಇದೇ ಅಂಗಡಿಯಲ್ಲಿ ಮಾಡಿಸಿಕೊಂಡ ಕನ್ನಡಕ ಕೌಂಟರಿನ ಗಾಜಿನ ಮೇಲೆ ಮಗುಚಿ ಬಿದ್ದಿತ್ತು.

“ಬಸ್ಸು ನೆಟ್ಟಗೆ ಹೋಗುತ್ತೆ ಸಾರ್, ರಸ್ತೆನೇ ಸೊಟ್ಟ ಹೋಗುತ್ತೆ. ಮೆಟ್ಟಿಲು ಇಳಿಯೋಣ ಅಂದ್ರೆ ಮೆಟ್ಟಿಲೇ ಮೇಲೆ ಬರುತ್ತೆ. ನಿನ್ನೆ ಗಾಡಿ ಕನ್ನಡಿ ಕಂಬಕ್ಕೆ ತಗಲಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರು ಬಿದ್ದಿರಲಿಲ್ಲ.”

ಅಣ್ಣ ಕನ್ನಡಕವನ್ನು ಅಳೆಯುವ ಯಂತ್ರಕ್ಕೆ ಇಟ್ಟು ಬಗ್ಗಿ ನೋಡಿದ. “ಎಂಬತ್ತಕ್ಕೆ ಕೂತಿದೆ” ಎಂದ.

ಕೆಲವರ ಕಣ್ಣಿಗೆ ಗಾಜನ್ನು ಇಂಥದೇ ಕೋನಕ್ಕೆ ತಿರುಗಿಸಿ ಕೂರಿಸಬೇಕು. ಆ ಕೋನದ ಅಂಕಿ ತಪ್ಪಿದರೆ ನೆಲ ಓರೆಯಾಗುತ್ತದೆ. ಪರದೆಯ ಒಳಗಿನ ಕತ್ತಲೆ ಕೋಣೆಯಲ್ಲಿ ತಮ್ಮನಾದ ಅವನು ಕಣ್ಣು ಪರೀಕ್ಷೆ ಮಾಡಿ ಅಂಕಿಗಳನ್ನು ಕೂಗಿ ಹೇಳುತ್ತಿದ್ದ. ಹೊರಗೆ ಕೌಂಟರಿನಲ್ಲಿ ಅಣ್ಣ ಕೇಳಿಸಿಕೊಂಡು ಆರ್ಡರು ಟೈಪ್ ಮಾಡುತ್ತಿದ್ದ. ಒಳಗೆ ಅವನು ತಾನು ಕೂಗಿದ್ದನ್ನೇ ಚೀಟಿಯಲ್ಲೂ ಬರೆದು ಮರದ ಪೆಟ್ಟಿಗೆಗೆ ಹಾಕುತ್ತಿದ್ದ. ಚೀಟಿಗಾಗಿ ಕಾಯುತ್ತಾ ಕೂತರೆ ಸಾಲು ಕರಗುವುದಿಲ್ಲ ಎಂದು ಅಣ್ಣ ಮಾಡಿದ ಏರ್ಪಾಡು. ಹನ್ನೊಂದು ವರ್ಷ ಹಾಗೇ ನಡೆದಿತ್ತು.

“ನಾನು ನೂರಾ ಎಂಬತ್ತು ಅಂದೆ ಅನಿಸುತ್ತೆ ಅಣ್ಣ.”

“ಅನಿಸುತ್ತೆ.” ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. “ಎಂಬತ್ತು ಅಂದೆ ಕಣೋ. ನನ್ನ ಕಿವಿ ಇಲ್ಲೇ ಇತ್ತಲ್ಲ.” ಆಮೇಲೆ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. “ನಿಧಾನವಾಗಿ ನೆನಪು ಮಾಡ್ಕೋ. ಎಂಬತ್ತು ತಾನೆ?”

ಕೆಲಸ ಕಲಿಸುವಾಗ ಅಣ್ಣ ಹೇಳಿಕೊಟ್ಟ ಒಂದು ಉಪಾಯವಿತ್ತು. ಗಿರಾಕಿ ನಿಜವಾಗಿ ನೋಡಿ ಹೇಳುತ್ತಿದ್ದಾನೋ, ನಮ್ಮನ್ನು ಮೆಚ್ಚಿಸಲು ಹೇಳುತ್ತಿದ್ದಾನೋ ತಿಳಿಯಬೇಕಾದರೆ, ಹಾಕಿದ ಗಾಜನ್ನೇ ತೆಗೆದು ಮತ್ತೆ ಹಾಕಬೇಕು. ‘ಈಗ?’ ಎಂದು ಮೆತ್ತಗೆ ಕೇಳಬೇಕು. ಹತ್ತರಲ್ಲಿ ಆರು ಜನ ‘ಈಗ ಚೆನ್ನಾಗಿ ಕಾಣುತ್ತೆ’ ಎನ್ನುತ್ತಾರೆ. ದಿನವೂ ಜನರ ಮೇಲೆ ಇದನ್ನು ಮಾಡುತ್ತಿದ್ದವನೇ ಅವನು. ಆದರೂ ಎರಡನೇ ಸಲ ಕೇಳಿದಾಗ ಅವನಿಗೆ ಎಂಬತ್ತೇ ಹೆಚ್ಚು ಸ್ಪಷ್ಟವಾಗಿ ಕೇಳಿಸಿತು.

“ಇರಬಹುದು” ಎಂದ. ಡ್ರೈವರನ ಕಡೆ ತಿರುಗಿ ತಪ್ಪಾಯಿತು ಎಂದ.

“ಬೇಜಾರು ಮಾಡ್ಕೋಬೇಡಿ,” ಅಣ್ಣ ನಕ್ಕ. “ನನ್ನ ತಮ್ಮ. ಮನೇಲಿ ಇವನನ್ನು ಮರೆಗುಳಿ ಅಂತಲೇ ಕರೆಯೋದು. ತಲೆ ಕತ್ತಿಗೆ ಅಂಟಿಕೊಂಡಿದೆ, ಬಚಾವು. ಇಲ್ಲಾಂದ್ರೆ ಅದನ್ನೂ ನಿಮ್ಮ ಬಸ್ಸಲ್ಲೇ ಬಿಟ್ಟು ಇಳೀತಿದ್ದ.”

“ಸಿಕ್ಕಿದ್ರೆ ಡಿಪೋಗೆ ಒಪ್ಪಿಸ್ತೀನಿ ಬಿಡಿ,” ಎಂದ ಡ್ರೈವರ್.

ಮೂವರೂ ನಕ್ಕರು. ಮೊದಲು ನಕ್ಕವನು ಅವನೇ.

ಹೊಸ ಗಾಜು ಹಾಕಿಸಿಕೊಡುವ ಮಾತು ಪಡೆದು ಡ್ರೈವರ್ ಹೋದ ಮೇಲೆ ಅಣ್ಣ ಕೌಂಟರು ಒರೆಸುತ್ತಾ ಹೇಳಿದ: “ಸೋಮವಾರದಿಂದ ನಿಮ್ಮ ಅತ್ತಿಗೆ ತಮ್ಮ ಒಳಗೆ ಕೂತ್ಕೊಳ್ಳಲಿ. ಕೋರ್ಸು ಮುಗಿಸಿ ಸುಮ್ಮನೆ ಇದ್ದಾನೆ. ನೀನು ಹೊರಗೆ ಫ್ರೇಮು ನೋಡ್ಕೋ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ನಾಳೆ ಇನ್ಯಾರಿಗೋ ಏನಾದ್ರೂ ಆದ್ರೆ ನೀನು ತಡ್ಕೊಳ್ಳಲ್ಲ. ನಾನು ಊಟ ಮಾಡಿ ಬರೋದ್ರೊಳಗೆ ಯೋಚನೆ ಮಾಡಿ ಹೇಳು.”

ಅಣ್ಣ ಹೋದ. ಅವನು ಒಳಗೆ ಹೋಗಿ ತನ್ನ ಗಾಲಿ ಸ್ಟೂಲಿನ ಮೇಲೆ ಕೂತ. ಅಪರಿಚಿತರು ಗಲ್ಲವನ್ನು ಯಂತ್ರದ ಮೇಲಿಟ್ಟು, ಉಸಿರು ಬಿಗಿಹಿಡಿದು, ಅವನ ಮಾತಿಗಾಗಿ ಕಾಯುವ ಜಾಗ ಅದು. ಡಾಕ್ಟರಲ್ಲದಿದ್ದರೂ ಡಾಕ್ಟ್ರೇ ಎನ್ನುತ್ತಿದ್ದರು. ಮರೆಗುಳಿ ಎಂಬ ಹೆಸರು ಪರದೆ ದಾಟಿ ಒಳಗೆ ಬಂದದ್ದಿಲ್ಲ. ಬೇರೆ ಯಾವ ಜಾಗವೂ ಅವನಿಗೆ ಹೀಗಿರಲಿಲ್ಲ.

ಪೆಟ್ಟಿಗೆ ಎಳೆದು ಮುಚ್ಚಳ ತೆಗೆದ. ಹೊಸ ಚೀಟಿ ಮೇಲೆ, ಹಳೆಯದು ಕೆಳಗೆ. ಡ್ರೈವರನ ಚೀಟಿಯ ಮೇಲೆ ನಾಲ್ಕು ದಿನದ ಚೀಟಿಗಳಿರಬೇಕಿತ್ತು. ಅದೇ ಎಲ್ಲಕ್ಕಿಂತ ಮೇಲಿತ್ತು.

ನೂರಾ ಎಂಬತ್ತು. ಅವನದೇ ಅಕ್ಷರ. ಒಂದರ ಅಂಕಿ ಮೊಳೆಯ ಹಾಗೆ ನೆಟ್ಟಗಿತ್ತು. ಕೂಗುವಾಗ ಹೊರಗೆ ಯಾವುದೋ ಹಾರನ್ ‘ನೂರಾ’ವನ್ನು ನುಂಗಿರಬೇಕು, ಅಲ್ಲಿಗೆ ಅದು ಯಾರ ತಪ್ಪೂ ಅಲ್ಲ. ಆದರೆ ಫೋನ್ ಬಂದ ಮೇಲೆ ಅಣ್ಣ ಈ ಚೀಟಿ ತೆಗೆದು ನೋಡಿದ್ದಾನೆ. ನೋಡಿ, ಹರಿಯದೆ, ವಾಪಸು ಇಟ್ಟಿದ್ದಾನೆ. ಹರಿಯುವ ಅಗತ್ಯವೇ ಕಂಡಿರಲಿಕ್ಕಿಲ್ಲ.

ಸಿಟ್ಟು ಬರುತ್ತದೇನೋ ಎಂದು ಕಾದ. ಬರಲಿಲ್ಲ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಕೊನೆಯ ಎರಡು ಸಂಜೆ ಅವನು ಹೋಗಿರಲಿಲ್ಲ. ಗೇಟಿನವರೆಗೆ ಹೋಗಿ, ಒಳಗೆ ಕಾಲಿಡಲಾಗದೆ, ಎದುರಿನ ಬಸ್‌ ಸ್ಟಾಪಿನಲ್ಲಿ ಕೂತು ಎದ್ದು ಬಂದಿದ್ದ. ಮನೆಯಲ್ಲಿ ಕೇಳಿದಾಗ ‘ಮರೆತೆ’ ಎಂದ. ಅಣ್ಣ ತಲೆ ಸವರಿದ. ಮರೆಗುಳಿಯನ್ನು ಮುಂದೆ ಯಾರೂ ಏನೂ ಕೇಳುವುದಿಲ್ಲ. ಈಗ ಚೀಟಿ ಹಿಡಿದು ‘ನಾನು ಮರೆಯುವವನಲ್ಲ’ ಎಂದರೆ, ಮಾತು ಈ ಚೀಟಿಗೇ ನಿಲ್ಲುವುದಿಲ್ಲ. ಆ ಎರಡು ಸಂಜೆಗಳಿಗೂ ಉತ್ತರ ಕೊಡಬೇಕಾಗುತ್ತದೆ. ಆ ಹೆಸರು ಇಟ್ಟವನು ಅಣ್ಣ ಇರಬಹುದು, ಅದರ ಆಸರೆಯಲ್ಲಿ ಬದುಕಿದವನು ತಾನು.

ಚೀಟಿಯನ್ನು ಪೆಟ್ಟಿಗೆಗೆ ಹಾಕಿದ. ಮೇಲೆ ಅಲ್ಲ, ಅದು ಇರಬೇಕಾದ ಜಾಗದಲ್ಲಿ, ನಾಲ್ಕು ದಿನ ಕೆಳಗೆ.

“ಏನು ಯೋಚನೆ ಮಾಡಿದೆ?” ಅಣ್ಣ ಬಾಗಿಲಲ್ಲೇ ಕೇಳಿದ.

“ಆಯ್ತು. ಅವನೇ ಕೂತ್ಕೊಳ್ಳಲಿ.”

“ಬೇಜಾರಿಲ್ಲ ತಾನೆ?”

“ಇಲ್ಲ.”

“ನಿಜವಾಗಿ?”

“ನಿಜವಾಗಿ.”

ಸೋಮವಾರ ಅತ್ತಿಗೆಯ ತಮ್ಮ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಬಂದ. ಸ್ಟೂಲು ಎತ್ತರವಾಯಿತೆಂದು ಒಂದು ಸುತ್ತು ಇಳಿಸಿಕೊಂಡ. ಮೊದಲ ಗಿರಾಕಿಯ ಕಣ್ಣು ನೋಡಿ ಒಳಗಿಂದ ಅಂಕಿ ಕೂಗಲು ಶುರುಮಾಡಿದಾಗ ಅಣ್ಣ ತಡೆದ.

“ಬಾಯಲ್ಲಿ ಹೇಳಬೇಡಪ್ಪ. ಚೀಟಿ ತಂದು ಕೊಡು. ನೋಡಿಕೊಂಡೇ ಟೈಪ್ ಮಾಡ್ತೀನಿ.”

ಅವನು ಕೌಂಟರಿನ ತುದಿಯಲ್ಲಿ ಒಂದು ಫ್ರೇಮಿನ ಸ್ಕ್ರೂ ಬಿಗಿಮಾಡುತ್ತಿದ್ದ. ತಲೆ ಎತ್ತಲಿಲ್ಲ. ಆ ಚೀಟಿಯನ್ನು ತಾನು ನೋಡಿದ್ದೇನೆ ಎಂದು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.