ಗುರುತಿದ್ದೂ ಹೆಸರು ಕೇಳಿದ ಗುರುಪಾದ

ಮುಂಬಯಿ ಚೆಂಬೂರಿನ ಒಂದು ಬಿಲ್ಡಿಂಗಿನ ಗೇಟಿಗೆ ಮುಖ ನೋಡಿ ಬಾಗಿಲು ತೆರೆಯುವ ಮಷೀನು ಬಂದು ಮೂರು ತಿಂಗಳಾಗಿತ್ತು. ವಾಚ್‌ಮನ್ ಗುರುಪಾದನಿಗೆ ಅದರ ಮೇಲೆ ಭಾರೀ ಭರವಸೆ. ಹಸಿರು ದೀಪ ಬಂದರೆ ಒಳಗೆ, ಕೆಂಪು ಬಂದರೆ ಹೊರಗೆ.

ಆ ಸೋಮವಾರ ಮನೆಗೆಲಸದ ಸುಂದ್ರವ್ವ ಅದರ ಮುಂದೆ ನಿಂತಾಗ ಕೆಂಪು ದೀಪ ಹತ್ತಿತು. ಹಿಂದಿನ ದಿನ ದವಡೆ ಹಲ್ಲು ಕೀಳಿಸಿಕೊಂಡಿದ್ದಳು. ಗಲ್ಲ ಪಾವ್ ಬ್ರೆಡ್ಡಿನಂತೆ ಉಬ್ಬಿತ್ತು.

"ಗುರುಪಾದಾ, ನಿನ್ನ ಮಷೀನಿಗೆ ಚಸ್ಮಾ ಹಾಕೂ ವ್ಯಾಳ್ಯಾ ಬಂತೇನೋ?" ಎಂದು ನಕ್ಕಳು.

ಗುರುಪಾದ ನಗಲಿಲ್ಲ. ಬೆನ್ನ ಹಿಂದೆ ಸೊಸೈಟಿಯ ಸೆಕ್ರೆಟರಿ ಇದ್ದರು. ದಿನಾ "ಅಕ್ಕಾ" ಎನ್ನುವವನು ಅಂದು ಹಿಂದಿಯಲ್ಲಿ, "ಏ ಬಾಯಿ, ನಾಮ್ ಕ್ಯಾ ಹೈ? ಬ್ಯಾಗ್ ಖೋಲೋ," ಎಂದ.

ಸುಂದ್ರವ್ವ ಅವನನ್ನೇ ನೋಡಿದಳು. ಅವನು ವಿಜಯಪುರದಿಂದ ಬಂದ ಹೊಸದರಲ್ಲಿ ಆರು ತಿಂಗಳು ರೊಟ್ಟಿ ಬಡಿದು ಹಾಕಿದವಳು ಅವಳು. ಆದರೂ ಹೆಸರು ಹೇಳಿದಳು. ಚೀಲ ಬಿಚ್ಚಿದಳು. ಹಲ್ಲುನೋವಿನ ಗುಳಿಗೆ, ಒಂದು ಬಾಳೆಹಣ್ಣು. ಬಾಲ್ಕನಿಗಳಿಂದ ಜನ ನೋಡುತ್ತಿದ್ದರು. ಗುರುಪಾದ ಒಳಗೆ ಬಿಡಲಿಲ್ಲ. ಸಂಜೆಯೊಳಗೆ, ಅವಳು ಕೆಲಸ ಮಾಡುತ್ತಿದ್ದ ನಾಲ್ಕನೇ ಮಾಳಿಗೆಯವರು ಸಂಶಯಪಟ್ಟು "ಇನ್ನು ಕೆಲಸಕ್ಕೆ ಬರಬೇಡ" ಎಂದು ಫೋನ್ ಮಾಡಿದರು.

ಅವರಿಬ್ಬರ ಮನೆಯಿದ್ದ ಚಾಳಿನ ನಳದ ಹತ್ತಿರ ಮಹಿಳಾ ಸಂಘದ ಶೀಲಾವತಿ ಗುರುಪಾದನನ್ನು ತಡೆದು, ಹೀಗೇಕೆ ಮಾಡಿದೆ ಎಂದು ಕೇಳಿದಳು.

"ನಾ ಏನ್ ಮಾಡ್ಲಿ ಅಕ್ಕೋರೆ? ಮಷೀನ್ ಸುಳ್ಳ ಹೇಳ್ತದೇನ್ರೀ?"

"ಅದು ಹಳೇ ಫೋಟೋಕ್ಕ ಮಾರಿ ಹೋಲಿಸಿ ಅಂದಾಜು ಮಾಡ್ತದ, ಅಷ್ಟ. ಗಲ್ಲ ಬಾತ್ರ ತಪ್ಪತದ, ಬೆಳಕು ಕಡಿಮಿ ಆದ್ರ ತಪ್ಪತದ. ಅದಕ್ಕ ಅಲ್ಲಿ ಮನುಷ್ಯಾನ್ನ ನಿಲ್ಲಸೂದು. ಆ ಫೋಟೋ ತಗದಾವ ಯಾರು?"

"ನಾನ."

"ಎಲ್ಲಿ ಇಡ್ತಾರ, ಯಾರ್ ನೋಡ್ತಾರ, ಕೆಲಸ ಬಿಟ್ಟ ಮ್ಯಾಲೆ ಅಳಸ್ತಾರೋ ಇಲ್ಲೋ, ಹೇಳಿದ್ಯಾ? ಒಪ್ಪಿಗಿ ಕೇಳಿದ್ಯಾ?"

"ಇಲ್ಲಿ ನಿಂದ್ರು ಅಂದೆ. ನಿಂತಳು."

"ಪಾಸ್‌ವರ್ಡ್ ಕಳುವಾದ್ರ ಬದಲಿ ಮಾಡಬಹುದು. ಮಾರಿ ಬದಲಿ ಮಾಡಾಕ ಬರ್ತದೇನು? ಒಪ್ಪಿಗಿ ಕೇಳಬೇಕಂತ ಕಾನೂನು ಮಾಡ್ಯಾರ. ಅದಿರ್ಲಿ ಬಿಡು. ಮಷೀನಿಗೆ ಗುರುತು ಸಿಗಲಿಲ್ಲ. ನಿನಗ?"

ಕೊಡ ತುಂಬಿ ನೀರು ಹೊರಗೆ ಹರಿಯಿತು. ಗುರುಪಾದ ನಳ ಬಂದ್ ಮಾಡಿ ಹೊರಟ.

ಸುಂದ್ರವ್ವನ ಬಾಗಿಲು ತಟ್ಟಿದ. ಒಳಗಿನಿಂದ ಕೇಳಿದಳು: "ಕೌನ್ ಹೈ? ನಾಮ್ ಬೋಲೋ."

"ಗುರುಪಾದ ಅದೀನಿ, ಅಕ್ಕಾ. ತಪ್ಪಾತು."

ಬಾಗಿಲು ತೆರೆಯಲಿಲ್ಲ.

ಮರುದಿನ ಬಾಕಿ ಪಗಾರಕ್ಕೆಂದು ಸುಂದ್ರವ್ವ ಗೇಟಿಗೆ ಬಂದಾಗ ಮತ್ತೆ ಕೆಂಪು ದೀಪ. ಗುರುಪಾದ ಮೂಲೆಗೆ ಬಿದ್ದಿದ್ದ ರಿಜಿಸ್ಟರ್ ತೆಗೆದು ಅವಳ ಹೆಸರು ಬರೆದ. "ಮಷೀನ್ ಗಲತ್ ಹೈ ಸಾಬ್. ಇನ್ಕೋ ಮೈ ಜಾನ್ತಾ ಹೂಂ," ಎಂದು, ಮಷೀನು ತಪ್ಪಿದೆ, ಅವಳನ್ನು ತಾನು ಬಲ್ಲೆನೆಂದು ಸೆಕ್ರೆಟರಿಗೆ ಹೇಳಿ ಗೇಟು ತೆರೆದ. ನಾಲ್ಕನೇ ಮಾಳಿಗೆ ಹತ್ತಿ ಅಲ್ಲಿ, ತಪ್ಪು ಅವಳದಲ್ಲ, ತನ್ನದು ಎಂದ. ಕೆಲಸ ಉಳಿಯಿತು. ಸುಂದ್ರವ್ವ ಮಾತ್ರ ಅಂದಿನಿಂದ ಅವನನ್ನು ಹೆಸರು ಬಿಟ್ಟು "ವಾಚ್‌ಮನ್" ಎಂದೇ ಕರೆಯುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮುಖದ ಫೋಟೋ ಕೇಳಿದರೆ ಯಾಕೆ, ಎಲ್ಲಿಡುತ್ತೀರಿ ಎಂದು ಕೇಳಿ. ಮನಸ್ಸಿಲ್ಲದಿದ್ದರೆ ಕಾರ್ಡು, ರಿಜಿಸ್ಟರು ಇರಲಿ ಎನ್ನಿ. ನೀವೇ ಗೇಟು ಕಾಯುವವರಾದರೆ, ಕೆಂಪು ದೀಪ ನೋಡಿ ಯಾರ ಚೀಲಕ್ಕೂ ಕೈ ಹಾಕಬೇಡಿ. ಮೊದಲು ಎದುರಿಗಿರುವವರ ಮುಖ ನೋಡಿ.