ತುಪ್ಪವಿಲ್ಲದ ವನಭೋಜನ

ನಮ್ಮ ಮನೆಯಲ್ಲಿ ವನಭೋಜನದ ಮಾತು ಬಂದರೆ ಒಂದು ಜಗಳ ಗ್ಯಾರಂಟಿ. ಒಂದು ವರ್ಷ ವ್ಯಾನಿನ ಬಗ್ಗೆ, ಇನ್ನೊಂದು ವರ್ಷ ಬೋಂಡಾದ ಬಗ್ಗೆ. ಈ ವರ್ಷ ತುಪ್ಪದ ಸರದಿ.

ನಾನು ಸುಗುಣಾ. ನಮ್ಮ ಮನೆ ಚೆನ್ನೈನ ನುಂಗಂಬಾಕ್ಕಂನಲ್ಲಿ, ಮಾವನ ಹೋಟೆಲಿನ ಮಹಡಿಯ ಮೇಲೆ. ಮಾವ ಸದಾನಂದ ರಾಯರು ಉಡುಪಿ ಕಡೆಯವರು, ಹೋಟೆಲಿನಲ್ಲೇ ತಲೆ ನರೆತವರು. ನನ್ನ ಮಗಳು ಪ್ರಣಮ್ಯಾಗೆ ಎಂಟು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅವಳಿಗೆ ಹಾಲಿನ ಅಲರ್ಜಿ. ಮೊಸರು, ಬೆಣ್ಣೆ, ತುಪ್ಪ ಯಾವುದೂ ಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಮಾವ ಅದನ್ನು ಅರ್ಧ ನಂಬಿದ್ದರು. ತುಪ್ಪದ ದೋಸೆಯಿಂದ ಹೆಸರು ಮಾಡಿದವರಿಗೆ ಇನ್ನರ್ಧ ನಂಬಿಸುವುದು ಸುಲಭವಲ್ಲ.

ಇಲ್ಲಿನ ಕೆಲವು ಕನ್ನಡ ಮನೆಯವರು ಸೇರಿ ನಾವು ಪ್ರತಿ ವರ್ಷ ವನಭೋಜನಕ್ಕೆ ಹೋಗುತ್ತೇವೆ. ಊರಿನಲ್ಲಾದರೆ ಅದು ಕಾರ್ತಿಕ ಮಾಸದ ಊಟ. ಚೆನ್ನೈನಲ್ಲಿ ಕಾರ್ತಿಕವೆಂದರೆ ಬೀದಿಯಲ್ಲಿ ಮೊಣಕಾಲುದ್ದ ಮಳೆನೀರು, ಹಾಗಾಗಿ ಪೊಂಗಲ್ ರಜೆಗೆ ತಳ್ಳಿದ್ದೇವೆ. ಮಕ್ಕಳು ಅದನ್ನು ಪಿಕ್ನಿಕ್ ಅನ್ನುತ್ತಾರೆ. ಜಾಗ, ಮುಟ್ಟುಕಾಡಿನ ಹತ್ತಿರ ಸಮುದ್ರದ ಪಕ್ಕದ ಒಂದು ಗಾಳಿಮರದ ತೋಪು.

ಹೋದ ವರ್ಷ ಅಲ್ಲಿ ಯಾರೋ ಪ್ರೀತಿಯಿಂದ ಪ್ರಣಮ್ಯಾಗೆ ಒಂದು ಚೂರು ಹೋಳಿಗೆ ಕೊಟ್ಟರು. ಹೋಳಿಗೆಗೆ ತುಪ್ಪ ಸವರಿದ್ದರು. ಸ್ವಲ್ಪ ಹೊತ್ತಿಗೆ ಮಗುವಿನ ತುಟಿ ಊದಿತು, ಮೈತುಂಬಾ ದದ್ದು ಎದ್ದಿತು. ನಾನೂ ನನ್ನ ಗಂಡ ರೂಪೇಶರೂ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಅವಳ ವನಭೋಜನ ಅಲ್ಲೇ ಮುಗಿಯಿತು.

"ಅದು ಬಿಸಿಲಿಗೆ ಪಿತ್ತ ಎದ್ದದ್ದು. ಕಾಯಿಸಿದ ತುಪ್ಪ ಎಂತ ಮಾಡ್ತದೆ? ಅದೂ ಒಂದು ಹನಿ!" ಎಂದರು ಮಾವ.

ಈ ವರ್ಷ ಪೊಂಗಲ್ ಹತ್ತಿರವಾದಾಗ ಪ್ರಣಮ್ಯಾ ನನ್ನ ಬಳಿ ಬಂದು, "ನಾನ್ ವರಲಮ್ಮಾ. ನೀಂಗ ಪೋಯಿಟ್ಟು ವಾಂಗ," ಎಂದಳು. ತಾನು ಬರುವುದಿಲ್ಲವಂತೆ, ನಾವು ಹೋಗಿ ಬರಬೇಕಂತೆ. ದೊಡ್ಡವರ ಹಾಗೆ ಹೇಳಿ, ಪುಸ್ತಕ ತೆಗೆದುಕೊಂಡು ಕೂತಳು.

ಅದೇ ಸಂಜೆ ವಾಸಂತಿಯಮ್ಮ ಬಂದರು. ಅವರು ನಮ್ಮ ಹಿಂದಿನ ಬೀದಿಯವರು, ಮೈಸೂರಿನ ಕಡೆಯವರು, ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದವರು. ವನಭೋಜನದ ಏರ್ಪಾಡೆಲ್ಲ ಅವರದೇ. ಮಾವ ಕಾಫಿ ತರಿಸಿದರು.

"ರಾಯ್ರೇ, ಈ ಸಲ ಊಟ ಪೂರ್ತಿ ವೀಗನ್ ಮಾಡೋಣ ಅಂತಿದೀನಿ," ಎಂದರು ವಾಸಂತಿಯಮ್ಮ.

"ನಮ್ಮ ಬೋರ್ಡಿನಲ್ಲೇ ಪ್ಯೂರ್ ವೆಜ್ ಅಂತ ಉಂಟಲ್ಲ. ಅದಕ್ಕಿಂತ ಪ್ಯೂರ್ ಎಂತದ್ದು?"

"ವೆಜ್ ಬೇರೆ, ವೀಗನ್ ಬೇರೆ ರಾಯ್ರೇ. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪ, ಪ್ರಾಣಿಯಿಂದ ಬರೋದು ಯಾವುದೂ ಇರಲ್ಲ. ಆಗ ಪ್ರಣಮ್ಯಾನೂ ಎಲ್ಲರ ಜೊತೆ ಕೂತು ಉಣ್ಣಬಹುದು."

"ಮೊಸರನ್ನ ಇಲ್ಲದೆ ಊಟ ಮುಗಿಯುವುದು ಹೇಗೆ ಮಾರಾಯ್ರೇ? ಅವಳಿಗೆ ಬೇರೆ ಡಬ್ಬಿ ಕಟ್ಟಿದರಾಯ್ತು."

"ವರ್ಷಾ ವರ್ಷಾ ಬೇರೆ ಡಬ್ಬಿ, ಬೇರೆ ಮೂಲೆ. ಅದಕ್ಕೇ ಅಲ್ವಾ ಅವಳು ಬರಲ್ಲ ಅಂತಿರೋದು?" ಎಂದು ನಾನು ಬಾಯಿ ಹಾಕಿದೆ.

ಮಾವ ಲೋಟದ ಕಡೆ ನೋಡಿದರು. ಮೊಮ್ಮಗಳು ಬರುವುದಿಲ್ಲ ಎಂಬ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ.

ವಾಸಂತಿಯಮ್ಮ ಬಿಡಲಿಲ್ಲ. "ಇನ್ನೊಂದು ವಿಷಯ. ಹೋದ ವರ್ಷ ತೋಪಿನ ಕಾವಲುಗಾರ ಬೈದದ್ದು ನೆನಪಿದೆಯಾ? ಗಾಳಿಗೆ ಹಾರಿ ಹೋಗಿದ್ದನ್ನೆಲ್ಲ ಆರಿಸಿದವಳು ನಾನು. ಚೀಲದಲ್ಲಿ ಏನಿತ್ತು ಅಂತೀರಿ? ಮಜ್ಜಿಗೆ ಪ್ಯಾಕೆಟ್ಟು, ಮೊಸರಿನ ಕಪ್ಪು, ಐಸ್‌ಕ್ರೀಮ್ ಕಪ್ಪು, ಊಟಕ್ಕೆ ಹಾಸೋ ಬಾಳೆಲೆಯ ಚಿತ್ರದ ಪ್ಲಾಸ್ಟಿಕ್ ಕಾಗದ. ನಮ್ಮ ಕಸದಲ್ಲಿ ಮುಕ್ಕಾಲು ಪಾಲು ಹಾಲಿನ ಬಾಬತ್ತೇ. ಅದು ಬಿಟ್ಟರೆ ಕಸಾನೂ ಬಿಡುತ್ತೆ. ಬಿಸಿಲಲ್ಲಿ ಮೊಸರು ಹುಳಿಯಾಯ್ತು ಅನ್ನೋ ಗೋಳೂ ಇಲ್ಲ."

"ಹಾಲಿಲ್ಲದೆ ಮಾಡುವುದಾದರೂ ಎಂತ?"

"ಅದನ್ನ ನಾನು ನಿಮಗೆ ಹೇಳಿಕೊಡಬೇಕಾ? ನಿಮ್ಮ ತಾಯಿ ಬುತ್ತಿ ಏನು ಕಟ್ಟುತ್ತಿದ್ದರು, ಹೇಳಿ."

ಮಾವ ತಲೆ ಕೆರೆದರು. "ಕೊಟ್ಟೆ ಕಡುಬು. ಹಲಸಿನ ಎಲೆಯ ದೊನ್ನೆಯಲ್ಲೇ ಹಿಟ್ಟು ಹೊಯ್ದು ಬೇಯಿಸುವುದು. ಅದರ ಜೊತೆ ಕಾಯಿ ಚಟ್ನಿ. ಚಿತ್ರಾನ್ನ. ಒತ್ತು ಶ್ಯಾವಿಗೆ, ಅದಕ್ಕೆ ಬೆಲ್ಲ ಹಾಕಿದ ಕಾಯಿಹಾಲು. ಗೋಳಿಬಜೆ..."

"ಅದಕ್ಕೆ ಹುಳಿ ಮಜ್ಜಿಗೆ ಬೀಳುತ್ತದೆ ಮಾವ," ಎಂದೆ.

"ಹೌದಲ್ಲ! ಹಾಗಾದರೆ ಚಟ್ಟಂಬಡೆ. ಬರೀ ಕಡಲೆಬೇಳೆ." ಮಾವ ಬೆರಳು ಮಡಚಿ ಒಂದೊಂದನ್ನೇ ಎಣಿಸಿದರು. ಆಮೇಲೆ ನಿಧಾನಕ್ಕೆ ಅಂದರು: "ಇದೆಲ್ಲ ವೀಗನ್ನೇ ಆಯ್ತಲ್ಲ ಮಾರಾಯ್ರೇ. ನನ್ನ ಅಮ್ಮನಿಗೆ ಇಂಗ್ಲಿಷ್ ಬರ್ತಾ ಇರಲಿಲ್ಲ, ಅಷ್ಟೆ."

ಕಾಫಿಯ ಪ್ರಶ್ನೆ ಉಳಿಯಿತು. ಅದಕ್ಕೆ ಸುಕ್ಕು ಕಾಪಿ ಎಂದಾಯಿತು. ಒಣಶುಂಠಿ, ತಾಟಿಬೆಲ್ಲ ಹಾಕಿ ಕುದಿಸುವ ಅದಕ್ಕೆ ಹಾಲಿನ ಹಂಗಿಲ್ಲ.

ಮರುದಿನ ಎಲ್ಲ ಮನೆಗಳಿಗೂ ಸುದ್ದಿ ಹೋಯಿತು. ಅವರವರ ಸ್ಟೀಲ್ ತಟ್ಟೆ, ಲೋಟ ಅವರವರೇ ತರಬೇಕು. ಸಾಮಾನು ಮಂಜಪ್ಪೈಯಲ್ಲೇ, ಅಂದರೆ ಇಲ್ಲಿನ ಹಳದಿ ಬಟ್ಟೆಚೀಲದಲ್ಲೇ, ಬರಬೇಕು. ನೀರು, ನಿಂಬೆ ಪಾನಕ ನಲ್ಲಿಯಿರುವ ಎರಡು ದೊಡ್ಡ ಡ್ರಮ್ಮುಗಳಲ್ಲಿ. ಬರಿಯ ಬಾಳೆಲೆ ಸಮುದ್ರದ ಗಾಳಿಗೆ ಹಾರುತ್ತದೆ, ಅದಕ್ಕೆ ತಟ್ಟೆಯ ಅಳತೆಗೆ ಕತ್ತರಿಸಿದ ಎಲೆಯನ್ನು ತಟ್ಟೆಯೊಳಗೆ ಹಾಸುವುದು. ಊಟವಾದ ಮೇಲೆ ಎಲೆ ತೆಗೆದು ತಟ್ಟೆ ಒರೆಸಿದರೆ ಸಾಕು, ತೊಳೆಯುವ ನೀರೂ ಉಳಿಯುತ್ತದೆ. ಎಷ್ಟು ಜನ ಎಂದು ಮೊದಲೇ ಕೇಳಿಕೊಂಡು ಅಷ್ಟಕ್ಕೇ ಅಡುಗೆ. ಹಲಸಿನ ಎಲೆ ಅಡ್ಯಾರಿನ ಒಬ್ಬರ ಹಿತ್ತಲಿನಿಂದ ಬಂತು. ಹಾಲು ತುಪ್ಪದ ಸೋಂಕು ಇರಬಾರದೆಂದು ಹೋಟೆಲಿನ ಪಾತ್ರೆ, ಸೌಟು ಬಿಟ್ಟು ಮನೆಯವನ್ನೇ ತಿಕ್ಕಿ ತೊಳೆದು ಬೇರೆ ಇಟ್ಟೆ. ಎಣ್ಣೆಯ ಡಬ್ಬ ಹೊಸದು. ಮಗುವಿನ ಔಷಧಿಯನ್ನೂ ಚೀಲಕ್ಕೆ ಹಾಕಿಕೊಂಡೆ.

ಇಷ್ಟಾದರೂ ಪ್ರಣಮ್ಯಾ ಜಗ್ಗಲಿಲ್ಲ. ಕೊನೆಗೆ ಮಾವನೇ ಅವಳ ಎದುರು ಕುಕ್ಕರಗಾಲಲ್ಲಿ ಕೂತು, "ಎಲ್ಲರಿಗೂ ಒಂದೇ ಅಡುಗೆ ಮಗಾ. ನಾನೇ ಮಾಡುವುದು. ನನ್ನ ಹತ್ತಿರವೇ ನೀನು ಕೂತ್ಕೊ," ಎಂದರು. ಹುಡುಗಿ ಒಪ್ಪಿದಳು.

ತೋಪಿನಲ್ಲಿ ಮಾವ ಹೆರೆಮಣೆ ಹಾಕಿಕೊಂಡು ತಾವೇ ಕಾಯಿ ತುರಿದರು, ತಾವೇ ಹಾಲು ಹಿಂಡಿದರು. ಎಲ್ಲರೂ ಸಾಲಾಗಿ ಕೂತರು. ಪ್ರಣಮ್ಯಾ ಮೊದಲನೆಯವಳು. ಕಡುಬು, ಚಟ್ನಿ, ಚಿತ್ರಾನ್ನ ಬಡಿಸಿದ್ದಾಯಿತು. ನಾನು ಸಾಲಿನ ಆ ತುದಿಯಲ್ಲಿ ಶ್ಯಾವಿಗೆ ಬಡಿಸುತ್ತಿದ್ದೆ.

ತಲೆ ಎತ್ತಿ ನೋಡಿದರೆ ಮಾವನ ಕೈಯಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ, ಒಂದು ಚಮಚ. ಅಂಗಿಯ ಜೇಬಿನಲ್ಲಿಟ್ಟು ತಂದಿದ್ದರು. ತುಪ್ಪ! ಉಣ್ಣುವ ಮೊದಲು ಎಲೆಗೆ ಒಂದು ಹನಿ ತುಪ್ಪ ಬಿಡಬೇಕು, ಆಗಲೇ ಎಲೆ ಶುದ್ಧ ಎಂಬುದು ಅವರ ಹುಟ್ಟಿನಿಂದ ಬಂದ ಪದ್ಧತಿ. ಅಡುಗೆಗೆ ಹಾಕಿಲ್ಲವಲ್ಲ, ಶುದ್ಧಿಗೆ ಒಂದು ಹನಿ ಎಂದು ಅವರ ಲೆಕ್ಕ. ಅದನ್ನೂ ಮೊಮ್ಮಗಳ ಎಲೆಯಿಂದಲೇ ಶುರು ಮಾಡಬೇಕೆಂಬ ಆಸೆ.

"ಮಾವ!" ಎಂದು ಕೂಗಿ ಓಡಿದೆ.

ನನಗಿಂತ ಮೊದಲು ಪ್ರಣಮ್ಯಾ ಎರಡೂ ಕೈಗಳಿಂದ ಎಲೆ ಮುಚ್ಚಿದಳು. "ವೇಂಡಾಂ ಅಜ್ಜ," ಬೇಡ ಎಂದಳು. ಮಾವ ಚಮಚ ಹಿಂದಕ್ಕೆಳೆದರು. ಹುಡುಗಿ ಅಳಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದು ನಿಂತಳು.

"ಎಲ್ಲಿಗೆ ಮಗಾ?"

"ತನಿಯಾ ಸಾಪ್ಪಿಡ್ರೇನ್," ಎಂದಳು. ಒಬ್ಬಳೇ ಉಣ್ಣುತ್ತೇನೆ ಎಂದು.

ಆ ಮಾತು ಮಾವನಿಗೆ ನಾಟಿತು. ಅವರ ಕಣ್ಣಲ್ಲಿ ನೀರು ನಿಂತದ್ದನ್ನು ನಾನು ನೋಡಿದೆ. ಡಬ್ಬಿಯ ಮುಚ್ಚಳ ಒತ್ತಿ, ಚಮಚದ ಸಮೇತ ನನ್ನ ಕೈಗೆ ಕೊಟ್ಟು, "ವ್ಯಾನಿನಲ್ಲಿ ಇಡು ಸುಗುಣಾ," ಎಂದರು. ನೀರಿನ ಡ್ರಮ್ಮಿನ ಹತ್ತಿರ ಹೋಗಿ ಸೋಪು ಹಾಕಿ ಕೈ ತೊಳೆದರು. ಬೇರೆ ಚಮಚ ತೆಗೆದುಕೊಂಡು ಕಾಯಿಹಾಲಿಗೆ ಅದ್ದಿದರು.

"ಇದೂ ಹಾಲೇ ಅಲ್ವಾ? ಕೂತ್ಕೊ ಮಗಾ."

ಅವಳು ಕೂತಳು. ಅವಳ ಎಲೆಗೆ ಒಂದು ಹನಿ ಕಾಯಿಹಾಲು ಬಿಟ್ಟರು. ಆಮೇಲೆ ಸಾಲಿನ ಉದ್ದಕ್ಕೂ ನಡೆದು ಪ್ರತಿಯೊಬ್ಬರ ಎಲೆಗೂ ಒಂದೊಂದು ಹನಿ ಬಿಟ್ಟು ಬಂದರು. ವಾಸಂತಿಯಮ್ಮ ಕೈ ಮುಗಿದು ಹಾಕಿಸಿಕೊಂಡರು. ಮಾವ ಕೊನೆಗೆ ಬಂದು ಪ್ರಣಮ್ಯಾಳ ಪಕ್ಕ ಕೂತಾಗ ಅವಳು ಬೆರಳು ನೆಕ್ಕುತ್ತಾ ಹೇಳಿದಳು:

"ಅಜ್ಜ, ಇನ್ನೊಂದು ಹನಿ ಬೇಕು."

ಕನ್ನಡದಲ್ಲಿ!

ಸಂಜೆ ಹೊರಡುವಾಗ ಕಾವಲುಗಾರ ತೋಪನ್ನೆಲ್ಲ ಒಮ್ಮೆ ಸುತ್ತಿ ಬಂದ. ಎಲೆ, ಸಿಪ್ಪೆ, ಕಾಯಿಚರಟ ಒಂದು ಬಕೆಟ್ಟಿನಲ್ಲಿ ನಮ್ಮ ಜೊತೆಗೇ ಹೊರಟಿದ್ದವು, ವಾಸಂತಿಯಮ್ಮನ ಮಹಡಿಯ ಗೊಬ್ಬರದ ತೊಟ್ಟಿಗೆ. "ಅಡುತ್ತ ವರುಷಮುಂ ವಾಂಗ," ಮುಂದಿನ ವರ್ಷವೂ ಬನ್ನಿ ಎಂದ. ಮಾವ ಮೀಸೆ ತಿರುವಿದರು, ಐಡಿಯಾ ತಮ್ಮದೇ ಎಂಬಂತೆ.

ನೀವೂ ಹೀಗೆ ವನಭೋಜನಕ್ಕೆ ಹೊರಡುವವರಿರಬಹುದು. ಮೆನು ಬರೆಯುವ ಮೊದಲು, ನಿಮ್ಮಲ್ಲಿ ಯಾರ ಮೈಗೆ ಯಾವುದು ಒಗ್ಗುವುದಿಲ್ಲ ಎಂದು ಕೇಳಿಕೊಳ್ಳಿ. ಎಲ್ಲರೂ ಉಣ್ಣಬಲ್ಲ ಅಡುಗೆ ಮಾಡಿ. ನಿಮ್ಮ ಅಜ್ಜಿಯ ಬುತ್ತಿಯಲ್ಲಿ ಅದು ಸಿಕ್ಕೇ ಸಿಗುತ್ತದೆ. ತಟ್ಟೆ ಮನೆಯದಿರಲಿ, ಕಸ ನಿಮ್ಮ ಜೊತೆಗೇ ವಾಪಸು ಬರಲಿ. ಡಾಕ್ಟರು ಬೇಡವೆಂದದ್ದನ್ನು ಪ್ರೀತಿಗೂ ಕೊಡಬೇಡಿ, ಪದ್ಧತಿಗೂ ಕೊಡಬೇಡಿ. ಒಂದು ಹನಿಗೆ ಏನಾಗುತ್ತದೆ ಎಂದು ಅನ್ನಿಸಿದಾಗ ನಿಮ್ಮ ಸಾಲನ್ನೊಮ್ಮೆ ನೋಡಿ. ಅಲ್ಲೂ ಒಂದು ಮಗು ಎರಡು ಕೈಗಳಿಂದ ಎಲೆ ಮುಚ್ಚಿಕೊಂಡು ಕೂತಿರಬಹುದು.